ಪನಿಗಾಲೆಯ ಎರಡನೇ ತೋಳು

ಬೈಕ್ ಕಂಪನಿ ಡುಕಾಟಿ 2024ರಲ್ಲಿ ಹೊಸ ಪನಿಗಾಲೆ ವಿ4 ತೋರಿಸಿದಾಗ ಬೈಕ್ ಪ್ರಿಯರು ಎಂಜಿನ್ ಬಗ್ಗೆ ತಕರಾರು ತೆಗೆಯಲಿಲ್ಲ. 1103 ಸಿಸಿ, 216 ಹಾರ್ಸ್‌ಪವರ್. ಇನ್ನೇನು ಬೇಕು? ಜಗಳವೆಲ್ಲ ಹಿಂದಿನ ಚಕ್ರದ ಹತ್ತಿರ.

1994ರ ಡುಕಾಟಿ 916 ಬೈಕಿನಲ್ಲಿ ವಿನ್ಯಾಸಕ ಮಾಸ್ಸಿಮೊ ತಂಬೂರಿನಿ ಆ ಚಕ್ರವನ್ನು ಒಂದೇ ಬದಿಯಿಂದ ಹಿಡಿಯುವ ತೋಳಿಗೆ, ಅಂದರೆ ಒಂದೇ ಬದಿಯ ಸ್ವಿಂಗ್‌ಆರ್ಮ್‌ಗೆ ಕೂರಿಸಿದ್ದರು. ಇನ್ನೊಂದು ಬದಿಯಿಂದ ನೋಡಿದರೆ ಇಡೀ ಚಕ್ರ ಬಯಲಾಗಿ ಕಾಣುತ್ತದೆ. ಅದಕ್ಕೇ ಮನಸೋತವರು ಎಷ್ಟೋ ಮಂದಿ. 999 ಮಾದರಿಯಲ್ಲಿ ಎರಡು ತೋಳು ಬಂದಾಗ ಮುನಿಸಿಕೊಂಡರು, 2007ರ 1098ರಲ್ಲಿ ಒಂಟಿ ತೋಳು ಮರಳಿದಾಗ ಸಮಾಧಾನಪಟ್ಟರು. ಹೊಸ ಪನಿಗಾಲೆಯಲ್ಲಿ ಈಗ ಮತ್ತೆ ಎರಡು ತೋಳು, ಮತ್ತೆ ಮುನಿಸು.

ನಾನು ಹೊಸದರ ಪರ. ತಿರುವಿನಲ್ಲಿ ಬೈಕ್ ಪೂರ್ತಿ ವಾಲಿದಾಗ ರಸ್ತೆಯ ಉಬ್ಬುತಗ್ಗು ಚಕ್ರಕ್ಕೆ ಅಡ್ಡದಿಂದ ಬಡಿಯುತ್ತದೆ. ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ಆ ಹೊಡೆತವನ್ನು ಪೂರ್ತಿ ನುಂಗಲಾರದು. ಸ್ವಿಂಗ್‌ಆರ್ಮೇ ಕೂದಲೆಳೆಯಷ್ಟು ಬಾಗಬೇಕು, ಆಗ ಟೈರು ನೆಲ ಬಿಡುವುದಿಲ್ಲ. ಒಂಟಿ ತೋಳು ಗಟ್ಟಿಯಾಗಿ ನಿಲ್ಲಲು ದಪ್ಪಗಿರಲೇಬೇಕು, ಹಾಗಾಗಿ ಅಷ್ಟು ಸುಲಭಕ್ಕೆ ಬಾಗದು. ಹೊಸ ಟೊಳ್ಳು ಜೋಡಿ ತೋಳು ಹಳೆಯದಕ್ಕಿಂತ ಅಡ್ಡಕ್ಕೆ 37% ಮೆದು, ತೂಕವೂ ಕಡಿಮೆ. ಡುಕಾಟಿಯ ಮೋಟೋಜಿಪಿ ರೇಸ್ ಬೈಕುಗಳಲ್ಲೂ ಇರುವುದು ಎರಡು ತೋಳೇ.

ಟ್ರ್ಯಾಕಿನಲ್ಲಿ ಓಡಿಸಿದವರಲ್ಲಿ ಬಹಳಷ್ಟು ಜನ ಮೆಚ್ಚಿದ್ದೂ ಇದನ್ನೇ: ತಿರುವು ಮುಗಿಯುವ ಮೊದಲೇ ಧೈರ್ಯವಾಗಿ ಆಕ್ಸಿಲರೇಟರ್ ತಿರುಗಿಸಬಹುದು. ನಿಲ್ಲಿಸಿಟ್ಟ ಬೈಕಿನ ಚೆಂದ ನನಗೂ ಇಷ್ಟ. ಆದರೆ ಇದು ನಿಲ್ಲಿಸಿಡಲು ಮಾಡಿದ ಬೈಕಲ್ಲ.