ತಡವಾಗಿ ಏಳುವ ಯಂತ್ರ

ಮನೆಯಲ್ಲಿ ಒಬ್ಬರು ತಡವಾಗಿ ಏಳುವವರಿದ್ದರೆ ಮಿಕ್ಕವರ ದಿನವೂ ಕೆಡುವದೆಂಬದು ಗೃಹಸ್ಥರೆಲ್ಲರೂ ಬಲ್ಲ ಸಂಗತಿ. ನಮ್ಮ ಮನೆಯಲ್ಲಿ ಹೀಗೆ ತಡವಾಗಿ ಏಳುತ್ತಿದ್ದುದು ಮನುಷ್ಯರಲ್ಲ, 2014ರಲ್ಲಿ ಕೊಂಡ ಕಂಪ್ಯೂಟರು. ಗುಂಡಿಯನ್ನೊತ್ತಿ ನಾವು ಸ್ನಾನ ಮುಗಿಸಿ ಬಂದರೂ ಅದರ ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದವು.

ನಾವಿರುವದು ಬೆಳಗಾವಿಯ ಖಾಸಬಾಗದಲ್ಲಿ. ವಡಗಾವಿ, ಶಹಾಪುರಗಳಂತೆ ಇದೂ ನೇಕಾರರ ಬೀಡು. ನಮ್ಮ ತೀರ್ಥರೂಪರು ಜೀವಮಾನವೆಲ್ಲ ಸೀರೆ ನೇಯ್ದು 2019ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ನಮ್ಮ ಮಗಳು ಅವರನ್ನು ಮಗ್ಗದ ಮುಂದೆ ಕೂಡ್ರಿಸಿ, ಹಾಸು ಹೂಡುವ ರೀತಿಯನ್ನು ಅವರ ಬಾಯಿಂದಲೇ ಹೇಳಿಸಿ, ಧ್ವನಿಯನ್ನು ಮುದ್ರಿಸಿಕೊಂಡಿದ್ದಳು. ನಲವತ್ತು ನಿಮಿಷದ ಆ ಮಾತು ಈ ಯಂತ್ರವೊಂದನ್ನುಳಿದು ಬೇರೆಲ್ಲಿಯೂ ಇರಲಿಲ್ಲ. ಇದು ಆಗ ನಮ್ಮ ಲಕ್ಷ್ಯಕ್ಕೇ ಬಂದಿರಲಿಲ್ಲವೆಂಬದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

2024ರ ಮಳೆಗಾಲದಲ್ಲಿ ಮಗಳ ಅರ್ಜಿಯೊಂದರ ಕಡೆಯ ದಿನ ಯಂತ್ರವು ಏಳಲು ಏಳು ನಿಮಿಷ ತೆಗೆದುಕೊಂಡು, ಎದ್ದ ಮೇಲೂ ತೂಕಡಿಸಿತು. ಅವಳು ನೆರೆಯವರಲ್ಲಿ ಹೋಗಿ ಅರ್ಜಿ ತುಂಬಿ ಬಂದಳು. ನಾವು ಸಿಟ್ಟಿನಿಂದ ಯಂತ್ರವನ್ನು ದುರಸ್ತಿಯ ಅಂಗಡಿಗೆ ಒಯ್ದೆವು. ಅಂಗಡಿಯವರು ನೋಡಿ, “ಫಾರ್ಮ್ಯಾಟ್ ಮಾಡಿಬಿಡೋಣರಿ, ಎಲ್ಲಾ ಹೊಸದಾಗತೈತಿ” ಎಂದರು. ಮರುದಿನ ಬರುವೆವೆಂದು ಹೇಳಿ ಮನೆಗೆ ಬಂದು ಸಂಗತಿಯನ್ನು ಅರುಹಲು, ನಮ್ಮ ಅವ್ವನವರು ಕೇಳಿದ್ದು ಒಂದೇ ಮಾತು: “ಎಲ್ಲಾ ಹೊಸದಾದರ ಅವರ ದನಿ ಎಲ್ಲಿರತೈತಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಫಾರ್ಮ್ಯಾಟ್ ಎಂದರೆ ಪಾಟಿಯನ್ನು ಒರೆಸಿದಂತೆ. ಆ ಧ್ವನಿಯು ಒರೆಸಬೇಕೆಂದಿದ್ದ ಭಾಗದಲ್ಲಿಯೇ ಇತ್ತು. ಅವ್ವನವರು ಮುಂದುವರಿದು, “ಮಗ್ಗ ತಡದರ ಹಾಸು ಕಡದ ಒಗಿತೇವೇನು? ಎಳಿ ಎಲ್ಲಿ ಸಿಕ್ಕೈತಿ ಮೊದಲ ನೋಡು, ತಮ್ಮಾ” ಎಂದರು. ಕೂಡಲೆ ಹೋಗಿ ಯಂತ್ರವನ್ನು ಮರಳಿ ತಂದೆವು.

ಅವ್ವನವರ ಹೋಲಿಕೆಯು ನಾವು ಬಗೆದಷ್ಟು ದೂರದ್ದಲ್ಲ. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬವನು 1804ರಲ್ಲಿ ತೂತಿನ ರಟ್ಟುಗಳಿಂದ ನಕ್ಷೆ ನೇಯುವ ಮಗ್ಗದ ಸಾಧನವನ್ನು ಸಿದ್ಧಗೊಳಿಸಿದನು. ಅಂಥ ರಟ್ಟುಗಳನ್ನೇ ಮುಂದೆ 1830ರ ದಶಕದಲ್ಲಿ ಇಂಗ್ಲಂಡದ ಚಾರ್ಲ್ಸ್ ಬ್ಯಾಬೇಜನು ತಾನು ಯೋಜಿಸಿದ ಗಣಿತದ ಯಂತ್ರಕ್ಕೆ ಆಜ್ಞೆ ಕೊಡಲು ಬಳಸಬೇಕೆಂದನು. ಅಂದ ಮೇಲೆ ಕಂಪ್ಯೂಟರು ಮಗ್ಗದ ಬಳಗದ್ದೇ ಆಯಿತು!

ಆ ರಾತ್ರಿ ಯಂತ್ರಕ್ಕೆ ಕಿವಿಗೊಟ್ಟು ಕುಳಿತೆವು. ಒಳಗಿನಿಂದ ಆಗಾಗ ಟಿಕ್ ಟಿಕ್ ಎಂಬ ಸಪ್ಪಳ ಬರುತ್ತಿದ್ದಿತು. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುವವು. ನಮ್ಮದರಲ್ಲಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120. ಅವುಗಳ ಮೇಲೆ ಓದುವ ಕಡ್ಡಿಯು ಅತ್ತಿತ್ತ ಓಡಾಡಿ ಬೇಕಾದುದನ್ನು ಹುಡುಕುವದು. ಹಳೆಯ ಡಿಸ್ಕು ಹೀಗೆ ಸಪ್ಪಳ ಮಾಡತೊಡಗಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿರಬಹುದು. ಆಗ ಮೊದಲ ಕೆಲಸ ದುರಸ್ತಿಯಲ್ಲ, ಪ್ರತಿ ತೆಗೆಯುವದು. ತೀರ್ಥರೂಪರ ಧ್ವನಿ, ಭಾವಚಿತ್ರಗಳು, ಸೀರೆಯ ಲೆಕ್ಕ, ಇವೆಲ್ಲವನ್ನೂ ಹೊರಗಿನ ಡಿಸ್ಕಿಗೆ ಒಂದು, ಪೆನ್ ಡ್ರೈವಿಗೆ ಒಂದು, ಹೀಗೆ ಎರಡು ಪ್ರತಿ ಮಾಡುವಷ್ಟರಲ್ಲಿ ಬೆಳಗಾಯಿತು.

ಆ ಮೇಲೆ ಸಿಕ್ಕ ಎಳೆಯ ಶೋಧ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವದು. ಅದರ ‘ಸ್ಟಾರ್ಟಪ್’ ಭಾಗದಲ್ಲಿ ಯಂತ್ರವೆದ್ದೊಡನೆ ತಾವೂ ಏಳುವ ಕಾರ್ಯಕ್ರಮಗಳ ಯಾದಿಯಿರುವದು. ನಮ್ಮಲ್ಲಿ ಅಂಥವು ಹದಿನೇಳು! ಎಂದೋ ಮಾರಿಬಿಟ್ಟ ಮುದ್ರಣ ಯಂತ್ರದ ಸಹಾಯಕ, ಯಾರೂ ಕೇಳದ ಹಾಡಿನ ಪೆಟ್ಟಿಗೆ, ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಹಾಕಿದ ಆಟ. ಇವೆಲ್ಲ ಕರೆಯದೆ ಬಂದ ಅತಿಥಿಗಳಲ್ಲ. ಒಂದೊಂದಕ್ಕೂ ನಾವೇ ಎಂದೋ ಓದದೆ ‘ಆಗಲಿ’ ಎಂದು ಒತ್ತಿದ್ದೆವು. ವೈರಸ್ಸು ಕಾಯುವ ಕಾರ್ಯಕ್ರಮವನ್ನೂ ಗುರುತು ಹತ್ತದ ಕೆಲವನ್ನೂ ಹಾಗೆಯೇ ಬಿಟ್ಟು, ಉಳಿದವನ್ನು ತಡೆದೆವು. ಹೀಗೆ ತಡೆದರೆ ಕಾರ್ಯಕ್ರಮವು ಅಳಿಯುವದಿಲ್ಲ; ಬೇಕಾದಾಗ ಕರೆದರೆ ಬರುವದು. ತುಂಬಿ ತುಳುಕುತ್ತಿದ್ದ ಡಿಸ್ಕಿನಿಂದ ಕಸವನ್ನೂ ತೆಗೆದೆವು. ಏಳು ನಿಮಿಷವಿದ್ದುದು ನಾಲ್ಕಕ್ಕೆ ಇಳಿಯಿತು.

ಉಳಿದ ನಾಲ್ಕು ನಿಮಿಷ ದಣಿದ ಡಿಸ್ಕಿನವು. ಅದೇ ಅಂಗಡಿಯವರಿಂದಲೇ ಅದರ ಬದಲು ಎಸ್‌ಎಸ್‌ಡಿ ಹಾಕಿಸಿದೆವು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಓಡಾಡುವ ಕಡ್ಡಿಯಿಲ್ಲ. ಆದುದರಿಂದ ಹುಡುಕುವ ವೇಳೆಯೂ ಇಲ್ಲವೆನ್ನುವಷ್ಟು ಕಡಿಮೆ. ಖರ್ಚು ಎರಡು ಸಾವಿರ ರೂಪಾಯಿಗಳೊಳಗೇ ಆಯಿತು. ಈಗ ಯಂತ್ರವು ನಲವತ್ತು ಸೆಕೆಂಡಿನಲ್ಲಿ ಏಳುವದು. ಆದರೂ 2025ರ ಅಕ್ಟೋಬರ 14ಕ್ಕೆ ಇದರ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ಮುಗಿದುದರಿಂದ, ಬ್ಯಾಂಕಿನ ವ್ಯವಹಾರವನ್ನು ಇದರಲ್ಲಿ ಇಟ್ಟುಕೊಂಡಿಲ್ಲ. ಮುಪ್ಪಿನವರಿಗೆ ಮನೆಗೆಲಸವೇ ಸಾಕು.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮನೆಯ ಯಂತ್ರವು ತಡಮಾಡತೊಡಗಿದರೆ ಬಯ್ಯುವದಕ್ಕೂ ಒಗೆಯುವದಕ್ಕೂ ಮೊದಲು ಅದರಲ್ಲಿ ಯಾರ ದನಿಯಿದೆ, ಯಾರ ಮುಖವಿದೆ ಎಂದು ನೋಡಿರಿ. ನೋಡಿದ ದಿನವೇ ಪ್ರತಿ ತೆಗೆಯಿರಿ. ತಡಮಾಡಿದ ಯಂತ್ರವನ್ನು ಸರಿಪಡಿಸಬಹುದು. ಅಳಿಸಿಹೋದ ದನಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಹೊಸ ಡಿಸ್ಕು ಹಾಕಿಸಿದ ಸಂಜೆ ಆ ಧ್ವನಿಯನ್ನು ಹಚ್ಚಿದೆವು. ತೀರ್ಥರೂಪರು ಹಾಸಿನ ಎಳೆಗಳನ್ನೆಣಿಸುವಲ್ಲಿ ಒಂದು ಕಡೆ ತಡೆದು, ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಅವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು: “ಹಿಂಗ ನೋಡು, ಯಾವಾಗಲೂ ತಪ್ಪತಿದ್ದರು.”