ನಿಧಾನವಾಗಿ ಓಡಲು ನನಗಿದ್ದ ನಾಚಿಕೆ

ಬೇಗ ಓಡುವುದನ್ನು ಕಲಿಯಲು ಹೋಗಿ ಕಾಲು ಮುರಿದುಕೊಂಡೆ ಎಂದರೆ ಎಲ್ಲೋ ಬಿದ್ದಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ನಾನು ಬೀಳಲಿಲ್ಲ, ಎಡವಲೂ ಇಲ್ಲ. ಬಲಗಾಲಿನ ಮಂಡಿಯ ಕೆಳಗಿನ ಉದ್ದ ಮೂಳೆ, ವೈದ್ಯರು ಟಿಬಿಯಾ ಎನ್ನುತ್ತಾರಲ್ಲ ಅದು, ತಿಂಗಳುಗಟ್ಟಲೆ ನನ್ನನ್ನು ಸಹಿಸಿಕೊಂಡು ಕೊನೆಗೆ ಸಣ್ಣಗೆ ಬಿರುಕು ಬಿಟ್ಟಿತು. ತಿಳಿಯದೆ ಹೀಗಾಯಿತು ಎಂದು ಹೇಳಿಕೊಂಡರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ಏನು ಮಾಡಬೇಕೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಮಾಡಲು ನಾಚಿಕೆಯಾಗುತ್ತಿತ್ತು, ಅಷ್ಟೆ.

ನಾನು ಮೈಸೂರಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ನಲವತ್ತು ದಾಟಿ, ರಕ್ತದ ಸಕ್ಕರೆ ಗಡಿಗೆರೆಯ ಹತ್ತಿರ ಬಂದ ಮೇಲೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯತೊಡಗಿದೆ. ನಡಿಗೆ ಓಟಕ್ಕೆ ತಿರುಗಿತು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ಒಂದು ಗಂಟೆ ಒಂಬತ್ತು ನಿಮಿಷದಲ್ಲಿ ಮುಗಿಸಿದೆ. ಪದಕ ಹಾಕಿಕೊಂಡು ಫೋಟೊ ತೆಗೆಸಿಕೊಂಡ ಸಂಭ್ರಮ ಮೈಸೂರಿಗೆ ವಾಪಸಾಗುವ ರೈಲಿನಲ್ಲೇ ಇಳಿದುಹೋಯಿತು. ಎದುರು ಸೀಟಿನಲ್ಲಿ ಕೂತಿದ್ದ ನನ್ನದೇ ವಯಸ್ಸಿನವರೊಬ್ಬರು ಐವತ್ತೆಂಟು ನಿಮಿಷದಲ್ಲಿ ಮುಗಿಸಿದ್ದರು.

ಗಂಟೆಯೊಳಗೆ ಮುಗಿಸಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿ. ಲೆಕ್ಕ ಸರಳವಾಗಿ ಕಂಡಿತು. ಒಂದು ಗಂಟೆಗೆ ಹತ್ತು ಕಿಲೋಮೀಟರ್ ಎಂದರೆ ಕಿಲೋಮೀಟರಿಗೆ ಆರು ನಿಮಿಷ. ನಾನು ಓಡಿದ್ದು ಆರು ನಿಮಿಷ ಐವತ್ತನಾಲ್ಕು ಸೆಕೆಂಡಿನಂತೆ. ಆ ಐವತ್ತನಾಲ್ಕು ಸೆಕೆಂಡು ಕಳೆದರೆ ಆಯಿತು. ದಿನವೂ ಆರು ನಿಮಿಷದ ವೇಗದಲ್ಲಿ ಓಡುತ್ತಾ ಹೋದರೆ ಮೈಗೆ ಅದು ರೂಢಿಯಾಗದೆ ಎಲ್ಲಿ ಹೋಗುತ್ತದೆ?

ಮೈ ಒಪ್ಪಲಿಲ್ಲ. ಎರಡು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಆಗ ನಾನು ಮಾಡುತ್ತಿದ್ದ ಕೆಲಸವನ್ನು ಬರೆಯಲು ಇವತ್ತಿಗೂ ಸಂಕೋಚವಾಗುತ್ತದೆ. ಕೈಗಡಿಯಾರದ ಗುಂಡಿ ಒತ್ತಿ ಲೆಕ್ಕವನ್ನು ನಿಲ್ಲಿಸುತ್ತಿದ್ದೆ. ಷೂ ಲೇಸ್ ಕಟ್ಟಿಕೊಳ್ಳುವವನಂತೆ ಬಗ್ಗಿ, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಗುಂಡಿ ಒತ್ತಿ ಓಡುತ್ತಿದ್ದೆ. ಮನೆಗೆ ಬಂದು ನೋಡಿದರೆ ಗಡಿಯಾರದಲ್ಲಿ ಚೊಕ್ಕವಾದ ಸರಾಸರಿ ಇರುತ್ತಿತ್ತು. ಅದರ ಚಿತ್ರ ನಮ್ಮ ಓಟದ ವಾಟ್ಸ್ಆಪ್ ಗುಂಪಿಗೆ ಹೋಗುತ್ತಿತ್ತು. ‘ಸೂಪರ್ ಸಾರ್’ ಎಂದು ಉತ್ತರಗಳು ಬರುತ್ತಿದ್ದವು. ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ, ನಿಂತ ಹೊತ್ತನ್ನು ಬಿಡುವ ಹಾಗಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಹೇಳುವ ಮೇಷ್ಟ್ರು ನಾನೇ.

ತಮಾಷೆಯೆಂದರೆ, ಸರಿಯಾದ ದಾರಿ ಯಾವುದೆಂದು ಮಕ್ಕಳಿಗೆ ಕಥೆ ಮಾಡಿ ಹೇಳುತ್ತಿದ್ದವನೂ ನಾನೇ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಅವರ ಕಥೆ ಅದು. ಷೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು ತಮ್ಮ ಮೈಯ ಮೇಲೆಯೇ ಪ್ರಯೋಗ ಮಾಡಿಕೊಂಡು ತರಬೇತುದಾರರಾದವರು. ಕೇವಲ 800 ಮೀಟರ್ ಓಡುವವನಿಗೂ ಮೊದಲು ತಿಂಗಳುಗಟ್ಟಲೆ ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ಓಡಿಸಿ ತಳಪಾಯ ಹಾಕಿಸುತ್ತಿದ್ದರು. ವೇಗದ ಅಭ್ಯಾಸ ಆಮೇಲೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು. ಅದೇ ದಿನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದರು. ‘ಬುನಾದಿ ಮುಖ್ಯ ಕಣ್ರೋ’ ಎಂದು ಹೇಳಿ ತರಗತಿ ಮುಗಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಕೆರೆ ಏರಿಯ ಮೇಲೆ ನನ್ನ ಪಾಠ ನನಗೆ ನೆನಪಿರುತ್ತಿರಲಿಲ್ಲ.

ಬದಲಿಗೆ ನೆನಪಾಗುತ್ತಿದ್ದವರು ಎಮಿಲ್ ಝಾಟೊಪೆಕ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಚೆಕೊಸ್ಲೊವಾಕಿಯಾದ ಓಟಗಾರ. 400 ಮೀಟರ್ ಓಟವನ್ನು ಒಂದೇ ದಿನ ಹತ್ತಾರು ಸಲ ಮಾಡುತ್ತಿದ್ದರು ಎಂಬುದನ್ನು ಓದಿ, ಕಾಲೇಜು ಮೈದಾನದಲ್ಲಿ ನಾನೂ ಶುರು ಮಾಡಿದೆ. ಅಷ್ಟನ್ನು ತಾಳಿಕೊಳ್ಳುವ ದೇಹವನ್ನು ಅವರು ವರ್ಷಗಟ್ಟಲೆ ಕಟ್ಟಿಕೊಂಡಿದ್ದರು ಎಂಬ ಭಾಗವನ್ನು ಹಾರಿಸಿ ಓದಿದ್ದೆ. ಕಷ್ಟಪಡುವುದು ಕಣ್ಣಿಗೆ ಕಾಣುತ್ತದೆ, ನಾಲ್ಕು ಜನ ಮೆಚ್ಚುತ್ತಾರೆ. ಕಾಯುವುದನ್ನು ಯಾರು ಮೆಚ್ಚುತ್ತಾರೆ?

ನಿವೃತ್ತ ಪಿ.ಇ. ಮೇಷ್ಟ್ರೊಬ್ಬರು ದಿನವೂ ಏರಿಯ ಮೇಲೆ ನಡೆಯಲು ಬರುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದವರು ಒಂದು ದಿನ ಅಡ್ಡಗಟ್ಟಿ ಕೇಳಿದರು: “ಏನ್ ಸಾರ್, ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ?”

ಗಂಟೆಯೊಳಗೆ ಮುಗಿಸುವ ಆಸೆಯನ್ನು ಹೇಳಿಕೊಂಡೆ.

“ಅಲ್ಲ ಸಾರ್, ದಿನಾ ಬೆಳಗಾದ್ರೆ ಪರೀಕ್ಷೆ ಬರೀತಿದೀರಿ. ಓದೋದ್ಯಾವಾಗ?” ಎಂದರು. “ಮಾತಾಡ್ಕೊಂಡು ಓಡಿ. ಮಾತಾಡಕ್ ಆಗ್ಲಿಲ್ಲ ಅಂದ್ರೆ ಅವತ್ತಿನ ಓಟ ಕೆಟ್ಟಿದೆ ಅಂತ ತಿಳ್ಕೊಳಿ.”

ಮರುದಿನ ಹಾಗೆಯೇ ಮಾಡಿ ನೋಡಿದೆ. ಮಾತಾಡುತ್ತಾ ಓಡುವ ವೇಗ ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ಇಳಿಯಿತು. ಸೀರೆ, ಕ್ಯಾನ್ವಾಸ್ ಷೂ ತೊಟ್ಟ ಇಬ್ಬರು ಹಿರಿಯ ಹೆಂಗಸರು ಮಗಳ ಬಾಣಂತನದ ವಿಷಯ ಮಾತಾಡಿಕೊಳ್ಳುತ್ತಾ ಸ್ವಲ್ಪ ದೂರ ನನ್ನ ಜೊತೆಜೊತೆಗೇ ಬಂದರು. ನಾನು ಓಡುತ್ತಿದ್ದೆ, ಅವರು ನಡೆಯುತ್ತಿದ್ದರು. ಎದುರಿಗೆ ನನ್ನ ವಿದ್ಯಾರ್ಥಿಯೊಬ್ಬ ‘ಗುಡ್ ಮಾರ್ನಿಂಗ್ ಸಾರ್’ ಎಂದ. ಸಾಕಾಯಿತು. ಆ ಪ್ರಯೋಗ ಅಲ್ಲಿಗೇ ಮುಗಿಯಿತು. ನಿಧಾನದ ಓಟ ಮೈಗೆ ಹಿತವಾಗಿಯೇ ಇತ್ತು. ಯಾರಾದರೂ ನೋಡಿಬಿಡುತ್ತಾರೆ ಎಂಬುದನ್ನು ತಡೆಯಲು ಆಗಲಿಲ್ಲ.

ಆ ವರ್ಷದ ಬೆಂಗಳೂರು ಓಟದಲ್ಲಿ ಎದೆಯ ಮೇಲಿನ ಸಂಖ್ಯೆಯ ಪಟ್ಟಿಯಲ್ಲಿ ಚಿಪ್ ಇತ್ತು. ಅದಕ್ಕೆ ನಿಲ್ಲಿಸುವ ಗುಂಡಿ ಇರಲಿಲ್ಲ. ಮೊದಲ ಮೂರು ಕಿಲೋಮೀಟರ್ ಐದೂ ಮುಕ್ಕಾಲು ನಿಮಿಷದಂತೆ ಹಾರಿದೆ. ಅರ್ಧ ದಾರಿಗೆ ಕಾಲು ಸೀಸವಾಯಿತು. ಏಳನೆಯ ಕಿಲೋಮೀಟರಿನಿಂದ ನಡೆಯುತ್ತಾ, ಕುಂಟುತ್ತಾ, ಹಿಂದಿನ ಸಲಕ್ಕಿಂತ ನಾಲ್ಕು ನಿಮಿಷ ತಡವಾಗಿ ತಲುಪಿದೆ. ವಾಟ್ಸ್ಆಪ್ ಗುಂಪಿಗೆ ‘ಬಿಸಿಲು ಜಾಸ್ತಿ ಇತ್ತು’ ಎಂದು ಬರೆದೆ.

ಮಂಡಿಯ ಕೆಳಗೆ ಒಳಬದಿಯಲ್ಲಿ ಆಗಲೇ ಕೆಲವು ವಾರಗಳಿಂದ ನೋವಿತ್ತು. ಆರಂಭದಲ್ಲಿ ಓಡುತ್ತಾ ಮೈ ಬಿಸಿಯಾದರೆ ಮರೆಯಾಗುತ್ತಿತ್ತು. ಬೆಂಗಳೂರಿನಿಂದ ಬಂದ ಮೇಲೆ ಮೆಟ್ಟಿಲಿಳಿದರೂ ಚುಚ್ಚತೊಡಗಿತು. ಬೆರಳಿಟ್ಟರೆ ಒಂದೇ ಬಿಂದುವಿನಲ್ಲಿ ಜೀವ ಹೋಗುವಂಥ ನೋವು. ಎಕ್ಸ್‌ರೇ ಸರಿಯಾಗಿಯೇ ಇತ್ತು. ಎಂ.ಆರ್.ಐ.ನಲ್ಲಿ ಬಿರುಕು ಕಂಡಿತು. ಸ್ಟ್ರೆಸ್ ಫ್ರ್ಯಾಕ್ಚರ್ ಎಂದರು ಡಾಕ್ಟರು. ಇದು ಓಟಗಾರರಲ್ಲಿ ಹೊಸದಾಗಿ ಹುಟ್ಟಿದ ಕಾಯಿಲೆಯಲ್ಲ. 1855ರಲ್ಲೇ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೂರದ ಕವಾಯತಿನಿಂದ ಸಿಪಾಯಿಗಳ ಪಾದಗಳಲ್ಲಿ ಬರುತ್ತಿದ್ದ ಇಂಥದೇ ನೋವು, ಊತಗಳನ್ನು ವಿವರಿಸಿದ್ದ. ಅದು ಮೂಳೆಯ ಬಿರುಕೆಂದು ಎಕ್ಸ್‌ರೇ ಬಂದ ಮೇಲಷ್ಟೇ ತಿಳಿಯಿತು.

ನನಗೆ ಹೊಸದಾಗಿದ್ದುದು ಮೂಳೆಯ ಲೆಕ್ಕಾಚಾರ. ಓಡಲು ಶುರುಮಾಡಿದ ಕೆಲವೇ ವಾರಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ದಮ್ಮು ಬಂದಂತೆ ಅನಿಸುತ್ತದೆ. ಮೂಳೆ ಅಷ್ಟು ಚುರುಕಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ. ಅದಕ್ಕೆ ಸುಮಾರು ಮೂರು ವಾರ ಬೇಕು. ಆ ಜಾಗದಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗಲು ಮೂರು ತಿಂಗಳ ಮೇಲಾಗುತ್ತದೆ. ಅಂದರೆ ದಮ್ಮು ಬಂತೆಂದು ನಾವು ಬೀಗುವ ಹೊತ್ತಿಗೇ ಮೂಳೆ ತನ್ನ ಅತಿ ದುರ್ಬಲ ಸ್ಥಿತಿಯಲ್ಲಿರಬಹುದು. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳೂ ನಿಧಾನಸ್ಥರೇ. ಹೊಸಬನ ಕಾಲಿಗೆ ಪೆಟ್ಟಾಗುವುದು ಹೆಚ್ಚಾಗಿ ಈ ಅಂತರದಲ್ಲಿ.

ಓಟ ನಿಂತ ಆ ತಿಂಗಳುಗಳಲ್ಲಿ ಹಾರಿಸಿದ್ದ ಪುಟಗಳನ್ನೆಲ್ಲ ಓದಿದೆ. ನಾರ್ವೆಯಲ್ಲಿ ನೆಲೆಸಿರುವ ಅಮೆರಿಕದ ಶರೀರಶಾಸ್ತ್ರಜ್ಞ ಸ್ಟೀಫನ್ ಸೈಲರ್, ದೋಣಿ ಹುಟ್ಟು ಹಾಕುವವರು, ಹಿಮದ ಸ್ಕೀಯರ್‌ಗಳು, ಓಟಗಾರರು ಹೀಗೆ ದಮ್ಮಿನ ಆಟಗಳ ಅಗ್ರಮಾನ್ಯರ ಅಭ್ಯಾಸವನ್ನು ಪರಿಶೀಲಿಸಿದವರು. ಅವರು ಕಂಡದ್ದು ಇಷ್ಟು: ಹತ್ತರಲ್ಲಿ ಸುಮಾರು ಎಂಟು ಅಭ್ಯಾಸಗಳು ಸುಲಭದವು, ಎರಡು ಮಾತ್ರ ಕಠಿಣ. ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೊಗೆ 2022ರ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದಾಗ ಕಿಲೋಮೀಟರಿಗೆ ಬಿದ್ದದ್ದು 2 ನಿಮಿಷ 52 ಸೆಕೆಂಡು. ಅಂಥವರು ಸುಲಭದ ದಿನ ಕಿಲೋಮೀಟರಿಗೆ ನಾಲ್ಕು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತಾರೆ. ಸ್ಪರ್ಧೆಯ ವೇಗಕ್ಕೂ ಅಭ್ಯಾಸದ ವೇಗಕ್ಕೂ ಇಷ್ಟು ದೂರ. ನಾನೋ ಅಭ್ಯಾಸದಲ್ಲಿ ಸ್ಪರ್ಧೆಗಿಂತ ವೇಗವಾಗಿ ಓಡುತ್ತಿದ್ದೆ!

ನಿಧಾನದ ಓಟ ಸುಮ್ಮನೆ ಹೊತ್ತು ಕಳೆಯುವುದಲ್ಲ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಸ್ನಾಯುವಿನಲ್ಲಿ ಇದರಿಂದ ಹೆಚ್ಚುತ್ತವೆ. ಸ್ನಾಯುವಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಹಬ್ಬುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವುದನ್ನು ದೇಹ ಕಲಿಯುತ್ತದೆ. ಏದುಸಿರಿನ ಓಟದಲ್ಲೂ ಲಾಭವಿದೆ. ಆದರೆ ಮರುದಿನ ಓಡಲಾರದಷ್ಟು ದಣಿವು ಜೊತೆಗೆ ಬರುತ್ತದೆ. ನನ್ನಂತೆ ದಿನವೂ ನಡುವಿನ ವೇಗದಲ್ಲಿ ಓಡಿದರೆ ದೂರವೂ ಹೆಚ್ಚುವುದಿಲ್ಲ, ನಿಜವಾದ ವೇಗದ ದಿನ ಕಾಲಿನಲ್ಲಿ ಕಸುವೂ ಉಳಿದಿರುವುದಿಲ್ಲ.

ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಮತ್ತೆ ತೊಡಗಿದೆ. ದಿನ ಬಿಟ್ಟು ದಿನ. ತಿಂಗಳುಗಳು ಕಳೆದಂತೆ ವಾರಕ್ಕೆ ನಾಲ್ಕು ದಿನದ ಕ್ರಮವೊಂದು ಕುದುರಿತು. ಎರಡು ದಿನ ಪೂರ್ತಿ ವಾಕ್ಯ ಮಾತಾಡಬಲ್ಲ ವೇಗದಲ್ಲಿ ಓಟ. ಭಾನುವಾರ ಅದೇ ವೇಗದಲ್ಲಿ ದೂರ ಓಟ. ಒಂದೇ ಒಂದು ದಿನ ಕಷ್ಟದ ಕೆಲಸ: ಒಂದು ವಾರ ಏರುದಾರಿಯಲ್ಲಿ ಚಿಕ್ಕ ಓಟಗಳು, ಇನ್ನೊಂದು ವಾರ ಎರಡು ಮೂರು ಪದ ಮಾತ್ರ ಆಡಲಾಗುವ ವೇಗದಲ್ಲಿ ಇಪ್ಪತ್ತು ನಿಮಿಷ. ಮೂರು ವಾರ ದೂರ ಹೆಚ್ಚಿಸಿದರೆ ನಾಲ್ಕನೆಯ ವಾರ ಇಳಿಸುವುದು. ಮನೆಯ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ, ಏಕೆಂದರೆ ಓಡುವಾಗ ಮೀನಖಂಡದ ಸ್ನಾಯು ಹೊರುವುದು ದೇಹತೂಕದ ಹಲವು ಪಟ್ಟು ಭಾರ. ರಾತ್ರಿ ಹತ್ತಕ್ಕೆ ಮೊಬೈಲು ಪಕ್ಕಕ್ಕಿಟ್ಟು ನಿದ್ದೆ.

ಇಷ್ಟರಲ್ಲಿ ಯಾವುದೂ ಕಷ್ಟವಾಗಲಿಲ್ಲ, ನಾಚಿಕೆಯೊಂದನ್ನು ಬಿಟ್ಟು. ಅದಕ್ಕೆ ನಾನು ಹುಡುಕಿದ ಮದ್ದು ಲೆಕ್ಕಾಚಾರವೇ. ಗಡಿಯಾರ ನಿಲ್ಲಿಸುವುದನ್ನು ಬಿಟ್ಟೆ. ನಿಂತರೆ ನಿಂತದ್ದೂ ಲೆಕ್ಕ, ನಡೆದರೆ ನಡೆದದ್ದೂ ಲೆಕ್ಕ. ‘ಕಿಲೋಮೀಟರಿಗೆ ಎಂಟು ನಿಮಿಷ ಹತ್ತು ಸೆಕೆಂಡು’ ಎಂಬ ಮೊದಲ ಪ್ರಾಮಾಣಿಕ ಅಂಕಿಯನ್ನು ವಾಟ್ಸ್ಆಪ್ ಗುಂಪಿಗೆ ಕಳಿಸುವಾಗ ಬೆರಳು ತಡೆಯಿತು. ಕಳಿಸಿದೆ. ಯಾರೂ ಏನೂ ಅನ್ನಲಿಲ್ಲ. ನನ್ನ ವೇಗದ ಬಗ್ಗೆ ಇಷ್ಟು ದಿನ ತಲೆಕೆಡಿಸಿಕೊಂಡಿದ್ದವನು ನಾನೊಬ್ಬನೇ ಎಂಬುದು ಆಗ ಗೊತ್ತಾಯಿತು. ಕೆರೆಯಲ್ಲಿ ಹೆಜ್ಜಾರ್ಲೆಗಳಿವೆ ಎಂಬುದೂ ಹೆಚ್ಚುಕಡಿಮೆ ಆಗಲೇ ಗೊತ್ತಾದದ್ದು.

ಬದಲಾವಣೆ ಸದ್ದಿಲ್ಲದೆ ಬಂತು. ಅದೇ ಉಸಿರಿಗೆ, ಅದೇ ಮಾತಿಗೆ ಎಂಟು ನಿಮಿಷ ಏಳೂಮುಕ್ಕಾಲಾಯಿತು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಏಳೂಕಾಲಿಗೆ ಬಂದಿತ್ತು. ಮುಂದಿನ ಬೆಂಗಳೂರು ಓಟದಲ್ಲಿ ಮೊದಲರ್ಧ ಬೇಕೆಂದೇ ಹಿಡಿದುಕೊಂಡು ಓಡಿ, ಎರಡನೆಯ ಅರ್ಧವನ್ನು ಅದಕ್ಕಿಂತ ಬೇಗ ಓಡಿದೆ. ಒಂದು ಗಂಟೆ ಒಂದು ನಿಮಿಷ ಮತ್ತು ಕೆಲವು ಸೆಕೆಂಡು. ಗಂಟೆಯೊಳಗೆ ಬರಲಿಲ್ಲ. ಆದರೆ ಮರುದಿನ ಮೆಟ್ಟಿಲಿಳಿದು ಕಾಲೇಜಿಗೆ ಹೋದೆ, ಎರಡು ದಿನ ಬಿಟ್ಟು ಮತ್ತೆ ಓಡಿದೆ.

ಈಗ ಹೊಸಬರು ಬಂದು ‘ಸ್ಪೀಡ್ ಹೆಚ್ಚಿಸಿಕೊಳ್ಳೋದು ಹೇಗೆ ಸಾರ್?’ ಎಂದು ಕೇಳಿದರೆ ನಾನು ಲಿಡಿಯರ್ಡ್ ಕಥೆಯನ್ನಾಗಲೀ ಎಂಬತ್ತು ಇಪ್ಪತ್ತರ ಲೆಕ್ಕವನ್ನಾಗಲೀ ತೆಗೆಯುವುದಿಲ್ಲ. ಅದೆಲ್ಲ ಅವರ ಮೊಬೈಲಿನಲ್ಲೇ ಇದೆ, ನನ್ನಂತೆ ಅವರಿಗೂ ಗೊತ್ತಿರುತ್ತದೆ. ‘ನಿಮಗೆ ಗುರುತಿರುವವರು ಎದುರಿಗೆ ಬಂದಾಗ ನಿಮ್ಮ ವೇಗ ಹೆಚ್ಚುತ್ತದೆಯೇ?’ ಎಂದಷ್ಟೇ ಕೇಳುತ್ತೇನೆ. ಬಹುಪಾಲು ಜನ ನಗುತ್ತಾರೆ. ಹಾಗಾದರೆ ಮೊದಲು ಅದನ್ನು ಬಿಡಿ, ಉಳಿದದ್ದಕ್ಕೆ ಟೈಮ್‌ಟೇಬಲ್ ಸಾಕು ಎನ್ನುತ್ತೇನೆ. ನನಗೂ ಅದು ಪೂರ್ತಿ ಬಿಟ್ಟಿಲ್ಲ. ಆ ಒಂದು ನಿಮಿಷವೂ ಇನ್ನೂ ಬಾಕಿ ಇದೆ. ಎರಡಕ್ಕೂ ಅವಸರ ಮಾಡಬಾರದು ಎಂದುಕೊಂಡಿದ್ದೇನೆ.