ಸ್ಯಾಂಪಲ್

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುವಾಗಲೆಲ್ಲ 2012 ನೆನಪಾಗತ್ತೆ. ತಂಗಿಗೆ ಕೀಲುನೋವು, ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪು. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದಳು. ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ, ಮೂತ್ರದಲ್ಲಿ ನೊರೆ... ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿಸಿದಾಗ ಮೂತ್ರದಲ್ಲಿ ಪ್ರೋಟೀನ್ ಸೋರ್ತಿತ್ತು. ರಕ್ತದ ರಿಪೋರ್ಟೂ ಬಂದ ಮೇಲೆ ‘ಲೂಪಸ್’ ಅಂದ್ರು. ರೋಗದಿಂದ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕಿಡ್ನಿಯಲ್ಲಿ ಉರಿಯೂತ ತಂದಿತ್ತು.

ಕಿಡ್ನಿಗೆ ಸೂಜಿ ಹಾಕಿ ಬಯಾಪ್ಸಿ ಮಾಡ್ಬೇಕು ಅಂದಾಗ ಅಮ್ಮ ಅತ್ತುಬಿಟ್ರು. 2001ರಲ್ಲಿ ಮುಚ್ಚೋವರೆಗೂ ಕೆಜಿಎಫ್ ಗಣಿಯಲ್ಲಿ ದುಡಿದ ಅಪ್ಪ ಹೇಳಿದ್ದು ಇಷ್ಟೇ: “ಕಲ್ಲಿನ ಸ್ಯಾಂಪಲ್ ತೆಗೆದು ನೋಡ್ದೆ ಒಳಗೇನಿದೆ ಅಂತ ಹೇಳೋಕಾಗತ್ತೇನೇ?”

ಅಪ್ಪನ ಮಾತು ನಿಜ. 2003ರ ವರ್ಗೀಕರಣದಲ್ಲಿ ಈ ಕಾಯಿಲೆಗೆ ಆರು ವರ್ಗಗಳಿವೆ. ಯಾವ ವರ್ಗ ಅಂತ ಬಯಾಪ್ಸಿ ಇಲ್ಲದೆ ಖಚಿತವಾಗಿ ಹೇಳೋಕಾಗಲ್ಲ, ಔಷಧಿ ನಿರ್ಧಾರವಾಗೋದೂ ಅದರ ಮೇಲೆಯೇ. ಅವಳದು ನಾಲ್ಕನೆಯದು, ಗಂಭೀರವಾದದ್ದು. ಸ್ಟಿರಾಯ್ಡ್, ಮೈಕೋಫಿನೊಲೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಶುರುವಾಯ್ತು. ಸ್ಟಿರಾಯ್ಡಿಗೆ ಮುಖ ಗುಂಡಗಾಗಿ ಕನ್ನಡಿ ನೋಡೋದನ್ನೇ ಬಿಟ್ಟಿದ್ದಳು ಪಾಪ. ಈಗ ಸ್ಟಿರಾಯ್ಡನ್ನು ಬೇಗ ಇಳಿಸೋದೇ ರೂಢಿ. ಅಮೆರಿಕದಲ್ಲಿ ಈ ಕಾಯಿಲೆಗೇ ಅಂತ 2020ರಲ್ಲಿ ಬೆಲಿಮುಮ್ಯಾಬ್, 2021ರಲ್ಲಿ ವೋಕ್ಲೋಸ್ಪೊರಿನ್ ಒಪ್ಪಿಗೆ ಪಡೆದವು.

ತಂಗಿ ಈಗ ಚೆನ್ನಾಗಿದ್ದಾಳೆ. ಮಾತ್ರೆ ನಿಂತಿಲ್ಲ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆಯೂ ತಪ್ಪಿಲ್ಲ. ಆದ್ರೂ ಆ ಕಳೆದುಹೋದ ತಿಂಗಳುಗಳು ನನ್ನನ್ನ ಚುಚ್ಚುತ್ತವೆ. ಲೂಪಸ್ ಬರೋದು ಹೆಚ್ಚಾಗಿ ಹೆಣ್ಮಕ್ಕಳಿಗೇ. ನಿಮ್ಮನೇಲಿ ಯಾರಿಗಾದ್ರೂ ಕೀಲುನೋವಿನ ಜೊತೆ ಮುಖ ಊದಿದ್ರೆ, ದಯವಿಟ್ಟು ಒಂದು ಮೂತ್ರ ಪರೀಕ್ಷೆ ಮಾಡ್ಸಿ. ಅದೂ ಒಂದು ಸ್ಯಾಂಪಲ್ಲೇ, ಅದಕ್ಕೆ ಸೂಜಿಯೂ ಬೇಕಿಲ್ಲ.